ಚಳಿಗೆ ಕಿರುಚುವ ಬೆಲ್ಟು: ಸೋಪು ಉಜ್ಜುವ ಮುಂಚೆ

ಪ್ರಶ್ನೆ: ನಮ್ಮದು ತಾಳವಾಡಿ ಹತ್ತಿರದ ಹಳ್ಳಿ. 2014ರ ಡೀಸೆಲ್ ಕಾರು, 92,000 ಕಿಲೋಮೀಟರ್ ಓಡಿದೆ. ಚಳಿ ಶುರುವಾದಾಗಿನಿಂದ ಬೆಳಗಿನ ಜಾವ ಸ್ಟಾರ್ಟ್ ಮಾಡಿದರೆ ಸಾಕು, ಬಾನೆಟ್ ಒಳಗಿಂದ ಬೀದಿಯೆಲ್ಲ ಎದ್ದು ಕೂರುವ ಹಾಗೆ ಕೀ... ಎಂದು ಕಿರುಚುತ್ತದೆ. ಒಂದು ನಿಮಿಷಕ್ಕೆ ನಿಲ್ಲುತ್ತದೆ. ಎರಡು ತಿಂಗಳ ಹಿಂದೆಯಷ್ಟೇ ಹೊಸ ಫ್ಯಾನ್ ಬೆಲ್ಟ್ ಹಾಕಿಸಿದ್ದೇವೆ. ಚಳಿಗೆ ಹಾಗೇ ಆಗುತ್ತೆ, ಬೇಸಿಗೆ ಬಂದರೆ ಸರಿಹೋಗುತ್ತೆ ಎಂದು ಮೆಕ್ಯಾನಿಕ್ ಹೇಳಿದರು. ಪಕ್ಕದ ಮನೆಯವರು ಸೋಪು ಉಜ್ಜಿ ಎನ್ನುತ್ತಾರೆ. ವಾರಕ್ಕೆರಡು ಸಲ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಬೇಕು. ಹೀಗೇ ಓಡಿಸಬಹುದೇ?

ಉತ್ತರ: ಸೋಪು ಉಜ್ಜಬೇಡಿ. ಶಬ್ದ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವ ತನಕ ಘಾಟಿಯನ್ನೂ ಇಳಿಯಬೇಡಿ. ಚಾಮರಾಜನಗರದ ಕಡೆಗೆ ಬಯಲು ರಸ್ತೆಯಲ್ಲಿ ಹೋಗಿ ತೋರಿಸಿಕೊಂಡು ಬರುವುದಕ್ಕೆ ಅಡ್ಡಿಯಿಲ್ಲ. ದಿಂಬಂ ವಿಷಯ ಬೇರೆ, ಯಾಕೆಂದು ಮುಂದೆ ಹೇಳುತ್ತೇನೆ.

ಚಳಿಗೆ ಹಾಗೇ ಆಗುತ್ತೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೊಸೂರಿನಲ್ಲಿ ಗ್ಯಾರೇಜು ಇಟ್ಟು 22 ವರ್ಷವಾಯಿತು. ಪ್ರತಿ ಡಿಸೆಂಬರಿನಲ್ಲೂ ತಳಿ, ದೆಂಕಣಿಕೋಟೆ ಕಡೆಯಿಂದ ಇದೇ ದೂರು ಬರುತ್ತದೆ. ಈಗಿನ ಕಾರು ಬೆಲ್ಟುಗಳು ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರಿನವು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಲೆಂದು ಮಾಡಿದ ರಬ್ಬರು ಅದು. ಹಿಮ ಬೀಳುವ ದೇಶಗಳಲ್ಲಿ ಓಡುವ ಕಾರಿಗೂ ಇದೇ ಜಾತಿಯ ಬೆಲ್ಟು. ಊಟಿಯಲ್ಲಿ ಹುಲ್ಲಿನ ಮೇಲೆ ಮಂಜು ಬಿಳಿಯಾಗಿ ಹೆಪ್ಪುಗಟ್ಟುವ ಬೆಳಗಿನಲ್ಲೂ ಗಟ್ಟಿಮುಟ್ಟಾದ ಬೆಲ್ಟು ನಿಮಿಷಗಟ್ಟಲೆ ಕೂಗಬಾರದು. ಇಬ್ಬನಿ ಬಿದ್ದ ದಿನ ಸ್ಟಾರ್ಟ್ ಮಾಡಿದೊಡನೆ ನಾಲ್ಕೈದು ಸೆಕೆಂಡ್ ಚಿಂವ್ ಎಂದು ಸುಮ್ಮನಾದರೆ ಬಿಡಿ, ಅದು ಬೆಲ್ಟು ಸುತ್ತಿಕೊಂಡು ಓಡುವ ಗಾಲಿಯ, ಅಂದರೆ ಪುಲ್ಲಿಯ ಮೇಲಿನ ತೇವ. ನಿಮ್ಮದು ಒಂದು ನಿಮಿಷ, ಅದೂ ಪ್ರತಿದಿನ. ಬೇಸಿಗೆಯಲ್ಲಿ ಕದ್ದು ಕೂತಿದ್ದ ಯಾವುದೋ ದೋಷವನ್ನು ಚಳಿ ಈಗ ಎಬ್ಬಿಸಿದೆ.

ಈ ಕಿರುಚಾಟ ಹುಟ್ಟುವ ಬಗೆ ಒಮ್ಮೆ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸಲೀಸು. ಒದ್ದೆ ಬೆರಳನ್ನು ಸ್ಟೀಲ್ ತಟ್ಟೆಯ ಮೇಲೆ ಒತ್ತಿ ಎಳೆದು ನೋಡಿ. ಬೆರಳು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿಗೆ ಹೀಗೆ ನೂರಾರು ಸಲ ಹಿಡಿದು ಬಿಟ್ಟಾಗ ಆ ನಡುಕವೇ ಕೀರಲು ದನಿಯಾಗುತ್ತದೆ. ಬೆಲ್ಟು ಮತ್ತು ಪುಲ್ಲಿಯ ನಡುವೆ ನಡೆಯುವುದೂ ಇದೇ. ಅಂದರೆ ಎಲ್ಲೋ ಬೆಲ್ಟು ಜಾರುತ್ತಿದೆ. ಹಿತ್ತಲ ಬಾವಿಯ ರಾಟೆ ಕಿರುಗುಟ್ಟಿದರೆ ನಾವು ಅಚ್ಚಿಗೆ ಎಣ್ಣೆ ಬಿಡುತ್ತೇವೆ. ಆ ಅಭ್ಯಾಸದಿಂದಲೇ ಜನ ಇಲ್ಲಿಗೂ ಕೊಬ್ಬರಿ ಎಣ್ಣೆ, ಗ್ರೀಸು, ಸೋಪು ಎಂದು ಹೋಗುವುದು. ರಾಟೆಯ ಸದ್ದು ಅಚ್ಚು ಒಣಗಿದ್ದಕ್ಕೆ ಬಂದದ್ದು, ಬೆಲ್ಟಿನ ಸದ್ದು ಹಿಡಿತ ತಪ್ಪಿದ್ದಕ್ಕೆ ಬಂದದ್ದು. ಹಿಡಿತ ತಪ್ಪಿದ ಜಾಗಕ್ಕೆ ಎಣ್ಣೆ ಹಾಕಿದರೆ ಇನ್ನೂ ಜಾರುತ್ತದೆ.

ಬೆಳಿಗ್ಗೆಯೇ ಯಾಕೆ ಎಂಬುದಕ್ಕೆ ನಾಲ್ಕಾರು ಸಂಗತಿ ಒಟ್ಟಿಗೆ ಸೇರುತ್ತವೆ. ರಬ್ಬರು ಬಿರುಸಾಗಿರುತ್ತದೆ. ಬೇರಿಂಗಿನ ಗ್ರೀಸು, ಹೈಡ್ರಾಲಿಕ್ ಸ್ಟೇರಿಂಗ್ ಇದ್ದರೆ ಅದರ ಆಯಿಲ್ಲು, ಎಲ್ಲ ಮಂದವಾಗಿ ಪುಲ್ಲಿ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಎಂಜಿನ್ನಿನ ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವ ಲೋಹ. ತಣ್ಣಗಿರುವಾಗ ಪುಲ್ಲಿಗಳ ನಡುವಿನ ಅಂತರ ಕೂದಲೆಳೆಯಷ್ಟು ಕಡಿಮೆ, ಹಾಗಾಗಿ ಕೈಯಲ್ಲಿ ಬಿಗಿ ಮಾಡುವ ಬೆಲ್ಟುಗಳು ಆಗ ಸ್ವಲ್ಪ ಸಡಿಲ. ಇವೆಲ್ಲಕ್ಕಿಂತ ದೊಡ್ಡದು, ಕಾರಿಗೆ ಕರೆಂಟು ಹುಟ್ಟಿಸುವ ಡೈನಮೋ ಮೇಲಿನ ಭಾರ. ಈಗಿನವರು ಆಲ್ಟರ್ನೇಟರ್ ಎನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಅದು ಡೈನಮೋವೇ. ಬೆಳಿಗ್ಗೆ ಡೀಸೆಲ್ ಹತ್ತಲೆಂದು ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್ಗು ಬ್ಯಾಟರಿಯಿಂದ ಕರೆಂಟು ಎಳೆದಿರುತ್ತದೆ, ಮೇಲೆ ಸೆಲ್ಫು ಮೋಟಾರು ಎಳೆದಿರುತ್ತದೆ. ಬಹಳ ಡೀಸೆಲ್ ಕಾರುಗಳಲ್ಲಿ ಎಂಜಿನ್ ಹತ್ತಿದ ಮೇಲೂ ಹೀಟರ್ ಪ್ಲಗ್ಗು ಸ್ವಲ್ಪ ಹೊತ್ತು ಉರಿಯುತ್ತಿರುತ್ತದೆ. ಕತ್ತಲಿರುವುದರಿಂದ ಹೆಡ್‌ಲೈಟು, ಗಾಜಿಗೆ ಮಂಜು ಕೂತಿದ್ದಕ್ಕೆ ಬ್ಲೋವರು. ಡೈನಮೋ ಒಮ್ಮೆಲೇ 90 ಆಂಪಿಯರ್ ಕೊಡಬೇಕಾಗಿ ಬಂದರೆ ಅದನ್ನು ತಿರುಗಿಸುವುದಕ್ಕೆ ಹತ್ತಿರ ಹತ್ತಿರ ಮೂರು ಎಚ್‌ಪಿ ಬೇಕು. ನಿಮ್ಮ ತೋಟದ 3 ಎಚ್‌ಪಿ ಪಂಪ್‌ಸೆಟ್ಟನ್ನು ನೆನೆಸಿಕೊಳ್ಳಿ. ಅಷ್ಟು ಕೆಲಸವನ್ನು ಅಂಗೈಗಿಂತ ಸಣ್ಣ ಪುಲ್ಲಿಯ ಮೇಲೆ, ಎರಡು ಬೆರಳಗಲದ ರಬ್ಬರು ಪಟ್ಟಿ ಮಾಡಬೇಕು. ಡೈನಮೋ ಪುಲ್ಲಿಯೇ ಎಲ್ಲಕ್ಕಿಂತ ಚಿಕ್ಕದು, ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಎರಡು ಮೂರು ಪಟ್ಟು ವೇಗದಲ್ಲಿ ತಿರುಗುವುದೂ ಅದೇ. ಬೆಲ್ಟು ಸುತ್ತಿ ಹಿಡಿಯಲು ಅಲ್ಲಿ ಜಾಗ ಕಡಿಮೆ. ಜಾರುವುದಿದ್ದರೆ ಮೊದಲು ಅಲ್ಲೇ ಜಾರುತ್ತದೆ. ಒಂದು ನಿಮಿಷದಲ್ಲಿ ಬ್ಯಾಟರಿಯ ಹಸಿವು ಸ್ವಲ್ಪ ತಣಿಯುತ್ತದೆ, ರಬ್ಬರು ಬೆಚ್ಚಗಾಗುತ್ತದೆ, ಸದ್ದು ನಿಲ್ಲುತ್ತದೆ. ಜಾರಿದ ಆ ಒಂದು ನಿಮಿಷದಲ್ಲಿ ಬೆಲ್ಟಿನ ಮೈ ಸುಟ್ಟು ಗಾಜಿನಂತೆ ನುಣುಪಾಗುತ್ತ ಹೋಗುತ್ತದೆ, ನಾಳೆ ಇನ್ನಷ್ಟು ಜಾರುತ್ತದೆ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿದ್ದರೆ ಬೆಲ್ಟು ಮುಟ್ಟುವ ಮುಂಚೆ ಬ್ಯಾಟರಿ ನೋಡುತ್ತೇನೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ ಸೆಲ್ಫು ಹೊಡೆಯುವ ಮುಂಚೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕಿಂತ ಕೆಳಗಿದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಪಂಪ್‌ಸೆಟ್ ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ ಬಳಿ ಇರುವ ಸಾಧಾರಣ ಮೀಟರೇ ಸಾಕು. ಮುದಿ ಬ್ಯಾಟರಿ ಬದಲಿಸಿದ ಮೇಲೆ ಬೆಲ್ಟಿನ ಸದ್ದೂ ನಿಂತ ಕಾರುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಎರಡು ಸಲ ಬೆಲ್ಟು ಬದಲಿಸಿ ಸೋತವರ ಕಾರುಗಳೂ ಅವುಗಳಲ್ಲಿವೆ.

ಇನ್ನು ಸದ್ದಿನ ಜಾತಿ. ಇದನ್ನು ಕಿವಿಯಿಂದಲೇ ಅರ್ಧ ಗುರುತಿಸಬಹುದು. ಎಳೆದು ಹಿಡಿದ ಕೀ... ಎಂಬ ಉದ್ದ ದನಿಯಾದರೆ ಬಿಗಿ ಸಾಲದೆ ಜಾರುತ್ತಿದೆ. ಗುಬ್ಬಿ ಕೂಗಿದಂತೆ ಚಿಂವ್ ಚಿಂವ್ ಎಂದು ಬಿಟ್ಟು ಬಿಟ್ಟು ಬಂದು, ರೇಸ್ ಕೊಟ್ಟಂತೆ ಲಯವೂ ಜೋರಾದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ, ಬೆಲ್ಟು ಓರೆಯಾಗಿ ಓಡುತ್ತಿದೆ. ಗರ್ ಎಂದು ಬೀಸುಕಲ್ಲಿನ ಹಾಗೆ ಉರುಳುವ ಸದ್ದಾದರೆ ಯಾವುದೋ ಬೇರಿಂಗು ಹೋಗಿದೆ. ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿಯದೋ, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್‌ನದೋ, ಎಂಜಿನ್ ತಣ್ಣಗಿಡುವ ನೀರು ತಿರುಗಿಸುವ ವಾಟರ್ ಪಂಪಿನದೋ. ನೀವು ಬರೆದ ಪ್ರಕಾರ ನಿಮ್ಮದು ಮೊದಲನೆಯದು, ಆದರೂ ನೀರಿನ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಿ. ಗಿಡಕ್ಕೆ ಸಿಂಪಡಿಸುವ ಸಣ್ಣ ಸ್ಪ್ರೇ ಬಾಟಲಿಯನ್ನು ಚೆನ್ನಾಗಿ ತೊಳೆದು ಬರೀ ನೀರು ತುಂಬಿ. ಔಷಧಿ ಹೊಡೆದ ಬಾಟಲಿ ಬೇಡ. ಸದ್ದು ಬರುತ್ತಿರುವಾಗಲೇ, ಬೆಲ್ಟಿನ ಗೀರುಗಳಿರುವ ಒಳಮೈಗೆ ದೂರದಿಂದ ಒಂದೆರಡು ಸಲ ಸಿಂಪಡಿಸಿ. ಸದ್ದು ಏರಿದರೆ ಬಿಗಿಯ ತೊಂದರೆ. ಸದ್ದು ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿ ಓರೆಯಾಗಿದೆ. ಚಳಿ ಎಂದು ಹೊದ್ದ ಶಾಲು, ಕುತ್ತಿಗೆಯ ಮಫ್ಲರ್, ಹೆಗಲ ಮೇಲಿನ ಟವೆಲ್ ಎಲ್ಲ ತೆಗೆದಿಟ್ಟೇ ಬಾನೆಟ್ ಹತ್ತಿರ ಬಗ್ಗಿ. ಓಡುವ ಬೆಲ್ಟು ಬಟ್ಟೆಯ ತುದಿ ಹಿಡಿದರೆ ಕೈ ಸಹಿತ ಎಳೆದುಕೊಳ್ಳುತ್ತದೆ. ಇದೊಂದು ಮಾತನ್ನು ಮನೆಯ ಹುಡುಗರಿಗೂ ಹೇಳಿ.

ಆಮೇಲೆ ಒಬ್ಬರು ಒಳಗೆ ಕೂತು ಒಂದೊಂದೇ ಭಾರ ಹಾಕಲಿ. ಹೆಡ್‌ಲೈಟು, ಬ್ಲೋವರು, ಹಿಂದಿನ ಗಾಜಿನ ಹೀಟರ್ ಹಾಕಿದಾಗ ಸದ್ದು ಏರಿದರೆ ಡೈನಮೋ ಕಡೆ ನೋಡಿ. ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಕಿರುಚಿದರೆ ಸ್ಟೇರಿಂಗ್ ಪಂಪು, ಎಸಿ ಹಾಕಿದಾಗ ಎಂದರೆ ಕಂಪ್ರೆಸರು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಹೊಸ ಬೆಲ್ಟು ಹಾಕಿಯೂ ಯಾಕೆ? ಇಲ್ಲಿಯೇ ನಮ್ಮ ಕಡೆಯ ಕೆಲಸಗಾರರು ಹೆಚ್ಚು ಎಡವುವುದು. ನಿಮ್ಮ ಕಾರಿನಲ್ಲಿ ಇರುವುದು ಬಹುತೇಕ ಹಲವು ಗೀರುಗಳ ಚಪ್ಪಟೆ ಬೆಲ್ಟು. ಅದಕ್ಕೆ ಬಿಗಿ ಕೊಡುವುದು ಸ್ಪ್ರಿಂಗ್ ಇರುವ ಟೆನ್ಷನರ್ ಆದರೆ, ಆ ಸ್ಪ್ರಿಂಗಿಗೂ 92,000 ಕಿಲೋಮೀಟರ್ ವಯಸ್ಸಾಗಿದೆ. ಬೆಲ್ಟಿಗಿಂತ ಟೆನ್ಷನರ್ ಬೆಲೆ ಎಷ್ಟೋ ಹೆಚ್ಚು, ಅದಕ್ಕೇ ಗಿರಾಕಿಗೆ ಹೇಳಲು ಮೆಕ್ಯಾನಿಕ್ ಹಿಂಜರಿಯುತ್ತಾರೆ, ಹೇಳಿದರೂ ಗಿರಾಕಿ ಬೇಡ ಎನ್ನುತ್ತಾರೆ. ಸೋತ ಸ್ಪ್ರಿಂಗಿಗೆ ಹೊಸ ಬೆಲ್ಟು ಕೊಟ್ಟರೆ ಹಳೆ ಕಥೆಯೇ ಮುಂದುವರಿಯುತ್ತದೆ. ಎಂಜಿನ್ ಸ್ಲೋ ಓಡುತ್ತಿರುವಾಗ ಟೆನ್ಷನರ್‌ನ ತೋಳನ್ನು ಟಾರ್ಚು ಬಿಟ್ಟು ನೋಡಿ. ಅದು ಸಣ್ಣಗೆ ನಡುಗಬಹುದು. ತೊಟ್ಟಿಲಿನಂತೆ ತೂಗಾಡಿದರೆ ಅದರ ಆಯುಸ್ಸು ಮುಗಿದಿದೆ. ಎಂಜಿನ್ ನಿಲ್ಲಿಸಿ ಪಾನಾ ಹಾಕಿ ತೋಳನ್ನು ಎಳೆದು ಬಿಟ್ಟಾಗ ಬಿಗಿಯಾಗಿ, ಎಲ್ಲೂ ತಡೆಯದೆ ವಾಪಸ್ ಬರಬೇಕು.

ಟೆನ್ಷನರ್ ಇಲ್ಲದೆ ಬೋಲ್ಟಿನಿಂದ ಬಿಗಿ ಮಾಡುವ ವಾಹನವಾದರೆ ಸಂಗತಿ ಇನ್ನೂ ಸರಳ. ಹೊಸ ಬೆಲ್ಟು ಓಡಿದ ಮೊದಲ ದಿನಗಳಲ್ಲಿ ಗೀರುಗಳಲ್ಲಿ ಕೂತುಕೊಂಡು ಸ್ವಲ್ಪ ಸಡಿಲವಾಗುತ್ತದೆ. ಕೆಲವು ನೂರು ಕಿಲೋಮೀಟರ್ ಆದಮೇಲೆ ಮತ್ತೊಮ್ಮೆ ಬಿಗಿ ನೋಡಲೇಬೇಕು, ಯಾರೂ ನೋಡುವುದಿಲ್ಲ. ಹಳೆಯ ಒಂಟಿ ವಿ ಬೆಲ್ಟಿಗೆ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು ಎಂಬುದು ಗ್ಯಾರೇಜಿನ ಲೆಕ್ಕ. ನಿಖರ ಅಳತೆ ನಿಮ್ಮ ಗಾಡಿಯ ಪುಸ್ತಕದಲ್ಲಿರುತ್ತದೆ. ಸದ್ದು ನಿಲ್ಲಲಿ ಎಂದು ತಂತಿಯ ಹಾಗೆ ಬಿಗಿದುಬಿಡುವವರೂ ಇದ್ದಾರೆ. ಸದ್ದೇನೋ ನಿಲ್ಲುತ್ತದೆ. ಕೆಲವೇ ತಿಂಗಳಲ್ಲಿ ಡೈನಮೋ ಬೇರಿಂಗೋ ವಾಟರ್ ಪಂಪೋ ಕೈಕೊಡುತ್ತದೆ.

ಡೀಸೆಲ್ ಕಾರುಗಳಲ್ಲಿ ಇನ್ನೊಂದು ಗುಟ್ಟಿದೆ, ಇದನ್ನು ಬಲ್ಲವರು ನಮ್ಮ ಕಡೆ ಕಡಿಮೆ. ಹಲವು ಡೀಸೆಲ್ ಕಾರುಗಳ ಡೈನಮೋ ಪುಲ್ಲಿಯೊಳಗೆ ಸೈಕಲ್ಲಿನ ಫ್ರೀವೀಲಿನಂಥ ಒಂದು ಕ್ಲಚ್ ಇರುತ್ತದೆ. ಹೊರಗೆ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಡೀಸೆಲ್ ಎಂಜಿನ್ ಒಂದೇ ಸಮನೆ ತಿರುಗುವುದಿಲ್ಲ, ಪ್ರತಿ ಸಿಲಿಂಡರ್ ಹೊಡೆದಾಗಲೂ ಒಂದು ಎಳೆತ, ಒಂದು ಬಿಡುವು. ಚಳಿಯಲ್ಲಿ ಹತ್ತಿದ ಮೊದಲ ನಿಮಿಷ ಆ ಒರಟುತನ ಇನ್ನೂ ಹೆಚ್ಚು. ಡೈನಮೋದೊಳಗಿನ ಭಾರದ ರೋಟರು ಅಷ್ಟು ಬೇಗ ವೇಗ ಬದಲಿಸಲಾರದು. ಆ ಫ್ರೀವೀಲು ಬಿಟ್ಟುಕೊಡುವುದರಿಂದ ಬೆಲ್ಟಿಗೆ ಪೆಟ್ಟು ಬೀಳುವುದಿಲ್ಲ. ಅದು ತುಕ್ಕು ಹಿಡಿದು ಜಾಮ್ ಆದರೆ ಪ್ರತಿ ಹೊಡೆತವೂ ಬೆಲ್ಟಿನ ಮೇಲೆಯೇ. ಬೆಲ್ಟು ಬಿಚ್ಚಿ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಒಂದು ದಿಕ್ಕಿಗೆ ಬರಿಯ ಪುಲ್ಲಿ ಸಲೀಸಾಗಿ ತಿರುಗಬೇಕು, ಎದುರು ದಿಕ್ಕಿಗೆ ಒಳಗಿನ ರೋಟರನ್ನೂ ಎಳೆದುಕೊಂಡು ತಿರುಗಬೇಕು. ಎರಡೂ ಕಡೆ ರೋಟರ್ ಜೊತೆಗೇ ಬಂದರೆ ಪುಲ್ಲಿ ಕೆಟ್ಟಿದೆ. ಹಳೆ ಟೆನ್ಷನರ್, ಜಾಮಾದ ಡೈನಮೋ ಪುಲ್ಲಿ: ನಿಮ್ಮ ಕಾರಿನ ವಯಸ್ಸು ಕೇಳಿದರೆ ಬ್ಯಾಟರಿಯ ನಂತರ ನನ್ನ ಅನುಮಾನ ಈ ಎರಡರ ಮೇಲೆ.

ಬೆಲ್ಟು ಬಿಚ್ಚಿದಾಗಲೇ ಉಳಿದ ಪುಲ್ಲಿಗಳನ್ನೂ ಒಂದೊಂದಾಗಿ ತಿರುಗಿಸಿ ಅಲುಗಾಡಿಸಿ ನೋಡಬೇಕು. ಗರಗರ ಎನ್ನುವ ಯಾವುದೂ ಮತ್ತೆ ಒಳಗೆ ಹೋಗಬಾರದು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲೆಂಟ್ ಇಳಿದ ಬಣ್ಣದ ಕಲೆ ಇದೆಯೇ, ಮೇಲಿನಿಂದ ಎಂಜಿನ್ ಆಯಿಲ್ ಜಿನುಗುತ್ತಿದೆಯೇ ನೋಡಿ. ಆಯಿಲ್ ಕುಡಿದ ಬೆಲ್ಟನ್ನು ತೊಳೆದು ಮತ್ತೆ ಹಾಕುವುದು ಬೇಡ. ಮೊದಲು ಸೋರಿಕೆ ನಿಲ್ಲಿಸಿ, ಪುಲ್ಲಿಯ ಗೀರುಗಳನ್ನು ಬ್ರಷ್ ಹಾಕಿ ತೊಳೆದು ಒಣಗಿಸಿ, ಆಮೇಲೆ ಹೊಸ ಬೆಲ್ಟು. ಕೆಂಪು ಮಣ್ಣಿನ ರಸ್ತೆಯ ಧೂಳು ಪುಲ್ಲಿಯ ಗೀರಿನೊಳಗೆ ಇಟ್ಟಿಗೆಯಂತೆ ಗಟ್ಟಿಯಾಗಿರುವುದನ್ನು ನಾನು ಬಹಳ ಕಂಡಿದ್ದೇನೆ. ಅದರ ಮೇಲೆ ಬೆಲ್ಟು ಪೂರ್ತಿ ಕೂರುವುದೇ ಇಲ್ಲ. ಇನ್ನು ಕಣ್ಣಿಗೆ ಸುಲಭವಾಗಿ ತಪ್ಪುವ ತಪ್ಪು, ಬೆಲ್ಟು ಒಂದು ಗೀರು ಪಕ್ಕಕ್ಕೆ ಕೂತಿರುವುದು. ಎಲ್ಲ ಪುಲ್ಲಿಗಳಲ್ಲೂ ಅಂಚಿನಿಂದ ಗೀರು ಎಣಿಸಿ.

ಹಳೆಯವರು ಬೆಲ್ಟಿನಲ್ಲಿ ಬಿರುಕು ಹುಡುಕುತ್ತಿದ್ದರು. ಆಗಿನ ನಿಯೋಪ್ರೀನ್ ಬೆಲ್ಟು ಹಳತಾದರೆ ಬಿರಿಯುತ್ತಿತ್ತು. ಇಪಿಡಿಎಂ ಬೆಲ್ಟು ಅಷ್ಟು ಸುಲಭಕ್ಕೆ ಬಿರಿಯುವುದಿಲ್ಲ, ಟೈರಿನ ಹಾಗೆ ಸವೆಯುತ್ತದೆ. ಗೀರಿನ ಇಳಿಜಾರು ಮೈ ಸವೆದು ಬೆಲ್ಟು ಪುಲ್ಲಿಯ ತಳಕ್ಕೆ ತಾಗಿತೆಂದರೆ ಅಲ್ಲಿಗೆ ಅದರ ಹಿಡಿತ ಹೋಯಿತು. ನೋಡಲು ಹೊಸದರಂತೆಯೇ ಇರುತ್ತದೆ. ಆದ್ದರಿಂದ ಬಿರುಕಿಲ್ಲ, ಬೆಲ್ಟು ಚೆನ್ನಾಗಿದೆ ಎಂಬ ತೀರ್ಪನ್ನು ನಂಬಬೇಡಿ.

ಸೋಪಿನ ಮಾತಿಗೆ ಬರುತ್ತೇನೆ. ಹಿಟ್ಟಿನ ಗಿರಣಿಯ ಉದ್ದನೆಯ ಚಪ್ಪಟೆ ಬೆಲ್ಟಿಗೆ ರಾಳ ಹಚ್ಚುವುದನ್ನು ನೀವೂ ಕಂಡಿರುತ್ತೀರಿ. ಆ ಬೆಲ್ಟು ಬೇರೆ, ಆ ಕೆಲಸ ಬೇರೆ. ಕಾರಿನ ಗೀರು ಬೆಲ್ಟಿಗೆ ರಾಳ, ಸೋಪು, ಮೇಣ, ಅಂಗಡಿಯಲ್ಲಿ ಸಿಗುವ ಬೆಲ್ಟ್ ಸ್ಪ್ರೇ ಯಾವುದು ಹಾಕಿದರೂ ಎರಡು ದಿನ ಮೌನ, ಆಮೇಲೆ ಆ ಅಂಟಿಗೆ ಧೂಳು ಮೆತ್ತಿಕೊಂಡು ಬೆಲ್ಟನ್ನೂ ಪುಲ್ಲಿಯನ್ನೂ ಅರೆಯುತ್ತದೆ. ಗ್ಯಾರೇಜು ಹಾಕಿದ ಹೊಸತರಲ್ಲಿ ಅಂಚೆಟ್ಟಿ ಕಡೆಯ ರೈತರೊಬ್ಬರ ಪಿಕಪ್ಪಿಗೆ ನಾನೇ ಸ್ಪ್ರೇ ಹೊಡೆದು ಕಳಿಸಿದ್ದೆ. ಹತ್ತು ದಿನಕ್ಕೆ ಟೊಮೆಟೊ ತುಂಬಿಕೊಂಡು ಬರುವಾಗ ಬೆಲ್ಟು ಹರಿದು ಗಾಡಿ ಕಾಡಿನ ರಸ್ತೆಯಲ್ಲಿ ನಿಂತಿತು. ಬಿಚ್ಚಿ ನೋಡಿದರೆ ಐಡ್ಲರ್ ಬೇರಿಂಗು ಸಿಕ್ಕಿಕೊಂಡು ಕಪ್ಪಾಗಿತ್ತು. ಗಾಡಿ ಅದನ್ನೇ ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿ ಕಳಿಸಿದ್ದೆ. ಅವತ್ತಿನ ಲೋಡು ಆ ರೈತರಿಗೆ ಮಾರುಕಟ್ಟೆಗೆ ಮುಟ್ಟಲಿಲ್ಲ. ಆಮೇಲೆ ನನ್ನ ಗ್ಯಾರೇಜಿನಲ್ಲಿ ಆ ಡಬ್ಬಿ ಇಟ್ಟಿಲ್ಲ.

ಈಗ ದಿಂಬಂ. ಈ ಬೆಲ್ಟು ತಿರುಗಿಸುವುದು ಡೈನಮೋ ಒಂದನ್ನೇ ಅಲ್ಲ. ಬಹಳಷ್ಟು ಕಾರುಗಳಲ್ಲಿ ವಾಟರ್ ಪಂಪು ಇದರ ಮೇಲೆಯೇ ನಡೆಯುತ್ತದೆ. ಬೆಲ್ಟು ಹೋದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾಯುತ್ತದೆ. ಹೈಡ್ರಾಲಿಕ್ ಸ್ಟೇರಿಂಗಾದರೆ ಕಲ್ಲಿನಂತೆ ಭಾರವಾಗುತ್ತದೆ, 27 ತಿರುವಿನ ರಸ್ತೆಯಲ್ಲಿ. ಮುಖ್ಯವಾದದ್ದು ಬ್ರೇಕು. ಡೀಸೆಲ್ ಎಂಜಿನ್ನಿಗೆ, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್‌ಗಾಗಿ ಗಾಳಿ ಹೀರಿ ತೆಗೆಯುವ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಹಳೆಯ ಅನೇಕ ಡೀಸೆಲ್ ಜೀಪು, ಪಿಕಪ್ಪುಗಳಲ್ಲಿ ಆ ಪಂಪು ಇರುವುದು ಡೈನಮೋದ ಬೆನ್ನಿಗೆ. ಬೆಲ್ಟು ಹರಿದರೆ ಅದೂ ನಿಂತಿತು. ಬೂಸ್ಟರಿನಲ್ಲಿ ಉಳಿದದ್ದರಿಂದ ಎರಡು ಮೂರು ಸಲ ಒತ್ತಬಹುದು, ಆಮೇಲೆ ಪೆಡಲ್ಲು ಕಲ್ಲು. ನಿಮ್ಮ ಕಾರಿನಲ್ಲಿ ಅದು ಎಂಜಿನ್ನಿನ ಒಳ ಶಾಫ್ಟಿನಿಂದಲೇ ನಡೆಯಬಹುದು, ಆದರೆ ಮೆಕ್ಯಾನಿಕ್ಕನ್ನು ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ತರಕಾರಿ ಸಾಗಿಸುವ ಹಳೆ ಪಿಕಪ್ಪಿದ್ದರೆ ಅದರದ್ದನ್ನೂ ಕೇಳಿ.

ಘಾಟಿಯಲ್ಲಿ ಇಳಿಯುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿ ಸ್ಟೇರಿಂಗ್ ಭಾರವಾದರೆ ಬೆಲ್ಟು ಹೋಯಿತೆಂದೇ ತಿಳಿಯಿರಿ. ಎಂಜಿನ್ ಆಫ್ ಮಾಡಬೇಡಿ, ನ್ಯೂಟ್ರಲ್ ಮಾಡಬೇಡಿ. ಬ್ರೇಕನ್ನು ಪಟಪಟ ಒತ್ತಿ ಉಳಿದ ವ್ಯಾಕ್ಯೂಮ್ ಕಳೆಯಬೇಡಿ. ಎರಡನೆಯ ಗೇರಿಗೆ, ಬೇಕಾದರೆ ಮೊದಲನೆಯದಕ್ಕೆ ಇಳಿಸಿ, ಗಟ್ಟಿಯಾಗಿ ಒಂದೇ ಸಲ ಒತ್ತಿ ಹಿಡಿದು, ಎದುರಿನವರಿಗೆ ಕಾಣುವ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಆ ರಸ್ತೆ ಹೋಗುವುದು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಒಳಗೆ. ಆನೆ ದಾಟುವ ಜಾಗದಲ್ಲಿ ಇಳಿದು ಬಾನೆಟ್ ಎತ್ತಿ ನಿಲ್ಲುವ ಪಾಡು ಬಾರದಿರಲಿ ಎಂದೇ ಇಷ್ಟು ಹೇಳುತ್ತಿರುವುದು.

ಮೆಕ್ಯಾನಿಕ್ ಬಳಿ ಹೋಗುವಾಗ ಕಾರನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು ಬನ್ನಿ. ಬಿಸಿ ಎಂಜಿನ್ನಿನಲ್ಲಿ ಈ ಸದ್ದು ಬರುವುದಿಲ್ಲ, ಅವರೇ ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕೇಳಬೇಕು. ಸಾಧ್ಯವಾಗದಿದ್ದರೆ ನಾಳೆ ಬೆಳಿಗ್ಗೆ ಫೋನಿನಲ್ಲಿ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ, ನೀರು ಸಿಂಪಡಿಸಿದಾಗಿನದೂ ಅದರಲ್ಲಿರಲಿ. ಟೈಮಿಂಗ್ ಬೆಲ್ಟಿಗೂ ಇದಕ್ಕೂ ಸಂಬಂಧವಿಲ್ಲ. ಅದು ಒಳಗಿನ ಹಲ್ಲಿನ ಬೆಲ್ಟು, ಈ ಸದ್ದಿನ ನೆಪದಲ್ಲಿ ಅದನ್ನು ಬದಲಿಸುವ ಖರ್ಚು ಬೇಡ. ಹೊಸ ಬೆಲ್ಟು ತರುವುದೇ ಆದರೆ ಹಳೆಯದರ ಬೆನ್ನ ಮೇಲಿನ ನಂಬರು ನೋಡಿ. 6ಪಿಕೆ1200 ಎಂದಿದ್ದರೆ ಆರು ಗೀರು, 1200 ಮಿಲಿಮೀಟರ್ ಉದ್ದ. ಐದು ಗೀರಿನದು ಸಿಕ್ಕಿತೆಂದು ಹಾಕಿಸಬೇಡಿ. ಬಿಚ್ಚಿದ ಹಳೆ ಬೆಲ್ಟು ಇನ್ನೂ ಹರಿದಿಲ್ಲದಿದ್ದರೆ ಅದನ್ನೂ ಅದಕ್ಕೆ ಬೇಕಾದ ಪಾನಾವನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಹಾಸನೂರಿನ ಕಾಡಿನಲ್ಲಿ ನಿಂತಾಗ ಊರು ಮುಟ್ಟಲು ಅಷ್ಟು ಸಾಕು.